ಸಿರಿಗೆರೆಯ ಕೊಟ್ಟಿಗೆಯಲ್ಲೊಂದು ಕೂಪೆ: ಇಪ್ಪತ್ತಾರು ವರ್ಷಗಳ ಖಾತೆ

ಪ್ರತಿ ವರ್ಷ ಏಪ್ರಿಲ್ ಕಳೆದು ಲೆಕ್ಕಪತ್ರಗಳ ಗಂಟುಗಳು ನಮ್ಮ ಕಚೇರಿಗೆ ಬರಲಾರಂಭಿಸಿದಾಗ ಸಿರಿಗೆರೆಯಿಂದ ಬರುವ ಗಂಟಿನಲ್ಲಿ ಕೆಂಪು ರಟ್ಟಿನ ಚಿಕ್ಕದೊಂದು ಖಾತೆ ಪುಸ್ತಕ ತಪ್ಪದೇ ಇರುತ್ತದೆ. ವ್ಯಾಪಾರಕ್ಕೂ ಅದಕ್ಕೂ ಸಂಬಂಧವಿಲ್ಲ. ಅದರ ಒಂದಂಕಿಯೂ ಲಾಭ ನಷ್ಟದ ಪಟ್ಟಿಗೆ ಬರುವುದಿಲ್ಲ. ಆದರೂ ಯಜಮಾನರು ಅದನ್ನು ಕಳುಹಿಸುತ್ತಾರೆ, ನಾನು ಮೊತ್ತಗಳನ್ನು ಕೂಡಿ ನೋಡಿ ಕೊನೆಯ ಪುಟದಲ್ಲಿ ಸಹಿ ಹಾಕಿ ಹಿಂದಿರುಗಿಸುತ್ತೇನೆ. ಮೊದಲ ಪುಟದ ಮೇಲೆ ‘ಕೂಪೆ ಖಾತೆ’ ಎಂದು ಬರೆದಿದೆ. ಮೊದಲ ನಮೂದು 1999ನೆಯ ಇಸವಿಯದು: ಹಳೆಯ ಕಾರು ಒಂದು, ಚಳ್ಳಕೆರೆ, ರೂ. 35,000, ಲಾರಿ ಬಾಡಿಗೆ, ರೂ. 1,400.

ಈ ಪತ್ರಿಕೆಯ ಓದುಗರಾದ ವರ್ತಕರಿಗೂ ಸಣ್ಣ ಕೈಗಾರಿಕೋದ್ಯಮಿಗಳಿಗೂ ಮೋಟಾರು ವಾಹನವೆಂದರೆ ವರ್ಷಕ್ಕೆ ಶೇ. 15ರಂತೆ ಸವಕಳಿ ಕಳೆಯಬೇಕಾದ ಒಂದು ಆಸ್ತಿ. ವರ್ಷ ಕಳೆದಂತೆ ಪುಸ್ತಕದ ಬೆಲೆ ಇಳಿಯುತ್ತದೆ, ಗಾಡಿಯೂ ಸವೆಯುತ್ತದೆ. ಸಿರಿಗೆರೆಯ ಈ ಖಾತೆಯಲ್ಲಿ ಮಾತ್ರ ಅಂಕಿಗಳು ಇಪ್ಪತ್ತಾರು ವರ್ಷಗಳಿಂದ ಏರುತ್ತಲೇ ಇವೆ. ಗಾಡಿ ಇನ್ನೂ ರಸ್ತೆಗೆ ಇಳಿದಿಲ್ಲ. ಇದನ್ನು ಒಬ್ಬರ ಹುಚ್ಚು ಎಂದು ತಳ್ಳಿಹಾಕುವುದು ಸುಲಭ; ನಾನೂ ಹಲವು ವರ್ಷ ಹಾಗೆಯೇ ಮಾಡಿದೆ. ಈಗ ಯೋಚಿಸಿದರೆ, ನಮ್ಮ ವೃತ್ತಿಯವರು ತಿಳಿಯಬೇಕಾದ ಕಾನೂನು, ಕರ ಹಾಗೂ ಕುಶಲಕರ್ಮದ ಮೂರು ಸಂಗತಿಗಳನ್ನು ಈ ಒಂದು ಕಾರು ನನಗೆ ಕಲಿಸಿದೆ. ಅದರಲ್ಲಿ ಒಂದನ್ನು ನನ್ನದೇ ತಪ್ಪಿನಿಂದ ಕಲಿತೆ.

ಯಜಮಾನರ ವ್ಯಾಪಾರ ಟ್ರ್ಯಾಕ್ಟರ್ ಹಾಗೂ ಪಂಪ್‌ಸೆಟ್ ಬಿಡಿಭಾಗಗಳದು. ರಾಷ್ಟ್ರೀಯ ಹೆದ್ದಾರಿಯಿಂದ ಒಳಕ್ಕೆ ತಿರುಗಿ ಊರು ಸೇರುವವರು ಅವರ ಅಂಗಡಿಯನ್ನು ಗಮನಿಸದಿರಬಹುದು, ಆದರೆ ಸುತ್ತಲಿನ ರೈತರಿಗೆ ಅದು ಚಿರಪರಿಚಿತ. ಅಂಗಡಿಯ ಹಿಂದೆ ಹಿಂದೊಮ್ಮೆ ದನ ಕಟ್ಟುತ್ತಿದ್ದ ಉದ್ದನೆಯ ಕೊಟ್ಟಿಗೆಯಿದೆ. ಅದರೊಳಗೆ ತಾಡಪಾಲಿನ ಅಡಿಯಲ್ಲಿ 1936ರ ಫೋರ್ಡ್ ವಿ8 ಕೂಪೆ ನಿಂತಿದೆ. ಕೂಪೆ ಎಂದರೆ ಎರಡೇ ಬಾಗಿಲಿನ, ಮುಂದೆ ಇಬ್ಬರೇ ಕೂರಬಹುದಾದ, ಮುಚ್ಚಿದ ಮೇಲ್ಛಾವಣಿಯ ಕಾರು. ಹಿಂಭಾಗದ ಮುಚ್ಚಳವನ್ನು ಹಿಂದಕ್ಕೆ ಎಳೆದರೆ ಬಯಲಿನಲ್ಲಿ ಕೂರುವ ಇನ್ನೊಂದು ಆಸನ ತೆರೆದುಕೊಳ್ಳುತ್ತದೆ. ಆ ಆಸನದ ಹೆಸರೇ ಡಿಕ್ಕಿ. ಇಂದು ನಾವು ಸಾಮಾನು ತುಂಬುವ ಜಾಗವನ್ನು ಡಿಕ್ಕಿ ಎಂದು ಕರೆಯುವುದು ಆ ಕಾಲದ ಉಳಿಕೆ.

ಹಾಟ್ ರಾಡ್ ಎಂಬ ಉದ್ಯಮ

ಯಜಮಾನರು ಈ ಕಾರನ್ನು ಕೊಂಡದ್ದು ಇದ್ದಂತೆಯೇ ಉಳಿಸಿಕೊಳ್ಳುವುದಕ್ಕಲ್ಲ. ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆಯ ಪುಸ್ತಕದ ಅಂಗಡಿಯಲ್ಲಿ ಅವರಿಗೆ ಅಮೆರಿಕದ ಮೋಟಾರು ಪತ್ರಿಕೆಯ ಕೆಲವು ಹಳೆಯ ಸಂಚಿಕೆಗಳು ಸಿಕ್ಕಿದ್ದವು. ಅವುಗಳಲ್ಲಿ ಛಾವಣಿ ತಗ್ಗಿಸಿ, ಮಡ್‌ಗಾರ್ಡ್ ತೆಗೆದು, ಬಲವಾದ ಎಂಜಿನ್ ಕೂರಿಸಿದ ಹಳೆಯ ಫೋರ್ಡ್ ಕೂಪೆಗಳ ಚಿತ್ರಗಳಿದ್ದವು. ಅಲ್ಲಿ ಅಂಥ ಗಾಡಿಗೆ ಹಾಟ್ ರಾಡ್ ಎಂದು ಹೆಸರು. ಅಂಥದ್ದೊಂದನ್ನು ಸಿರಿಗೆರೆಯಲ್ಲಿ ಕಟ್ಟಬೇಕೆಂಬುದು ಅವರ ಸಂಕಲ್ಪವಾಗಿತ್ತು.

ಹಾಟ್ ರಾಡ್‌ನ ಚರಿತ್ರೆಯನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುವುದು ಅಗತ್ಯ, ಏಕೆಂದರೆ ಅದು ಸಣ್ಣ ಕೈಗಾರಿಕೆಯ ಚರಿತ್ರೆಯೂ ಹೌದು. 1908ರಿಂದ 1927ರವರೆಗೆ ಹೆನ್ರಿ ಫೋರ್ಡ್ ತಯಾರಿಸಿದ ಮಾಡೆಲ್ ಟಿ ಕಾರುಗಳ ಸಂಖ್ಯೆ ಒಂದೂವರೆ ಕೋಟಿಯನ್ನು ಮೀರಿತು. ಹೀಗಾಗಿ ಅಮೆರಿಕದ ಗುಜರಿಗಳಲ್ಲಿ ಹಳೆಯ ಫೋರ್ಡ್ ಕಾರು ಅತ್ಯಂತ ಅಗ್ಗದ ವಸ್ತುವಾಯಿತು. 1932ರಲ್ಲಿ ಅದೇ ಕಂಪೆನಿ ಸಾಮಾನ್ಯರ ಕೈಗೆಟುಕುವ ಬೆಲೆಯಲ್ಲಿ ಎಂಟು ಸಿಲಿಂಡರಿನ ವಿ8 ಎಂಜಿನ್ನನ್ನು ಮಾರುಕಟ್ಟೆಗೆ ತಂದಿತು. ಅದರ ಗಾತ್ರ 221 ಘನ ಅಂಗುಲ, ಅಂದರೆ ಸುಮಾರು 3.6 ಲೀಟರ್, ಶಕ್ತಿ 65 ಅಶ್ವಶಕ್ತಿ. ಎಂಟು ಸಿಲಿಂಡರುಗಳನ್ನೂ ಕ್ರ್ಯಾಂಕ್ ಕೇಸನ್ನೂ ಸೇರಿಸಿ ಒಂದೇ ಎರಕದಲ್ಲಿ ಹೊಯ್ದದ್ದು ಅದರ ವಿಶೇಷ. ಫೌಂಡ್ರಿ ನಡೆಸುವ ನಮ್ಮ ಸದಸ್ಯರಿಗೆ ಆ ಎರಕದ ಕಷ್ಟ ಎಂಥದೆಂದು ನಾನು ವಿವರಿಸಬೇಕಾಗಿಲ್ಲ.

ದಕ್ಷಿಣ ಕ್ಯಾಲಿಫೋರ್ನಿಯಾದ ಯುವಕರು ಈ ಹಳೆಯ ಗಾಡಿಗಳ ಭಾರ ಇಳಿಸಿ, ಎಂಜಿನ್ ತಿದ್ದಿ, ಮ್ಯುರಾಕ್ ಮುಂತಾದ ಒಣಗಿದ ಸರೋವರಗಳ ಗಟ್ಟಿ ಬಯಲಿನಲ್ಲಿ ಓಡಿಸಿ ವೇಗ ಅಳೆಯುತ್ತಿದ್ದರು. ಈ ಓಟಗಳಿಗೆ ಶಿಸ್ತು ತರಲು 1937ರಲ್ಲಿ ಒಂದು ಸಂಘವೂ ಸ್ಥಾಪನೆಯಾಯಿತು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಸೇನೆಯಲ್ಲಿ ಯಂತ್ರಗಾರಿಕೆ ಕಲಿತ ಸಾವಿರಾರು ಯುವಕರು ಮನೆಗೆ ಹಿಂದಿರುಗಿದಾಗ ಈ ಹವ್ಯಾಸಕ್ಕೆ ರೆಕ್ಕೆ ಬಂತು. 1948ರ ಜನವರಿಯಲ್ಲಿ ಇದಕ್ಕಾಗಿಯೇ ಒಂದು ಮಾಸಪತ್ರಿಕೆ ಹೊರಟಿತು.

ನನ್ನ ಗಮನ ಸೆಳೆದದ್ದು ವೇಗವಲ್ಲ, ವ್ಯಾಪಾರ. ವಿಕ್ ಎಡೆಲ್‌ಬ್ರಾಕ್ ಎಂಬ ಗ್ಯಾರೇಜಿನ ಮಾಲೀಕ 1938ರ ಸುಮಾರಿಗೆ ತನ್ನ ಸ್ವಂತ ಫೋರ್ಡ್ ಗಾಡಿಗೆಂದು ಕಾರ್ಬ್ಯುರೇಟರ್ ಕೂರಿಸುವ ಹೊಸ ಬಗೆಯ ಮ್ಯಾನಿಫೋಲ್ಡನ್ನು ರೂಪಿಸಿದ. ಇತರರೂ ತಮಗೊಂದು ಬೇಕೆಂದು ಕೇಳಿದರು. ಅದೇ ಕಾರ್ಖಾನೆಯಾಯಿತು. ಆರ್ಮೇನಿಯಾದಿಂದ ವಲಸೆ ಬಂದ ಮನೆತನದ ಎಡ್ ಇಸ್ಕೆಂಡೇರಿಯನ್ ಯುದ್ಧಾನಂತರ ಒಂದು ಗ್ರೈಂಡಿಂಗ್ ಯಂತ್ರವನ್ನು ಮಾರ್ಪಡಿಸಿಕೊಂಡು ಕ್ಯಾಮ್‌ಶಾಫ್ಟ್‌ಗಳನ್ನು ಅರೆಯಲಾರಂಭಿಸಿದ. ಅಲೆಕ್ಸ್ ಕ್ಸೈಡಿಯಸ್ ಎಂಬಾತ 1946ರಲ್ಲಿ ಇಂಥ ಬಿಡಿಭಾಗಗಳಿಗೆಂದೇ ಅಂಗಡಿ ತೆರೆದ. ಒಬ್ಬೊಬ್ಬರದೂ ಒಂದು ಲೇಥ್, ಒಂದು ಶೆಡ್, ಎರಡು ಮೂರು ಕೈಗಳ ಉದ್ಯಮ. 1963ರಲ್ಲಿ ಈ ತಯಾರಕರು ಒಗ್ಗೂಡಿ ಸೆಮಾ ಎಂಬ ಸಂಘವನ್ನು ಕಟ್ಟಿಕೊಂಡರು. ಅದರ ಮೊದಲ ಅಧ್ಯಕ್ಷ ಇದೇ ಇಸ್ಕೆಂಡೇರಿಯನ್. ಇಂದು ವಾಹನಗಳ ಅಲಂಕಾರ ಹಾಗೂ ಮಾರ್ಪಾಡಿನ ಸಾಮಗ್ರಿಯ ಅಮೆರಿಕದ ವಹಿವಾಟು ವರ್ಷಕ್ಕೆ ಐವತ್ತು ಬಿಲಿಯನ್ ಡಾಲರನ್ನು ಮೀರಿದೆಯೆಂದು ಆ ಸಂಘದ ವರದಿಗಳು ಹೇಳುತ್ತವೆ. ಕಾನೂನೂ ಅವರಿಗೆ ದಾರಿ ಬಿಟ್ಟಿತು. ಕ್ಯಾಲಿಫೋರ್ನಿಯಾದಂಥ ಕಟ್ಟುನಿಟ್ಟಿನ ರಾಜ್ಯದಲ್ಲೂ ಕೈಯಿಂದ ಕಟ್ಟಿದ ಗಾಡಿಗಳ ಪೈಕಿ ವರ್ಷಕ್ಕೆ ಮೊದಲ 500 ಅರ್ಜಿಗಳಿಗೆ ಹೊಗೆಯ ನಿಯಮದಲ್ಲಿ ವಿಶೇಷ ರಿಯಾಯಿತಿಯಿದೆ.

ಅಲ್ಲಿ ವೇಗಕ್ಕಾಗಿ, ಇಲ್ಲಿ ಮಿತವ್ಯಯಕ್ಕಾಗಿ

ನಮ್ಮಲ್ಲಿಯೂ ಎಂಜಿನ್ ಬದಲಿಸುವ ಸಂಪ್ರದಾಯವಿತ್ತು, ಆದರೆ ಅದರ ಪ್ರೇರಣೆ ಬೇರೆ. ಫೋರ್ಡ್ ಕಂಪೆನಿ ಕೆನಡಾ ಶಾಖೆಯ ಮೂಲಕ 1926ರಲ್ಲಿ ಭಾರತಕ್ಕೆ ಬಂದು ಬಿಡಿಭಾಗಗಳನ್ನು ತರಿಸಿ ಇಲ್ಲಿ ಜೋಡಿಸಿ ಮಾರುತ್ತಿತ್ತು. ದೇಶದಲ್ಲಿಯೇ ತಯಾರಿಸುವ ಯೋಜನೆ ಇಲ್ಲದ ಜೋಡಣಾ ಘಟಕಗಳಿಗೆ 1950ರ ದಶಕದಲ್ಲಿ ಸರ್ಕಾರ ಬಾಗಿಲು ಮುಚ್ಚಿತು. ಆಮೇಲೆ ಈ ಗಾಡಿಗಳಿಗೆ ಬಿಡಿಭಾಗ ದೊರೆಯದಾಯಿತು. ಪೆಟ್ರೋಲ್ ಬೆಲೆಯೂ ಏರಿತು. ಎಂಟು ಸಿಲಿಂಡರಿನ ಗಾಡಿಯನ್ನು ಸಾಕುವುದು ಆನೆ ಸಾಕಿದಂತಾಯಿತು. ಆಗ ಮಾಲೀಕರು ಮೂಲ ಎಂಜಿನ್ ಕಿತ್ತು ಜೀಪಿನದೋ ವ್ಯಾನಿನದೋ ಡೀಸೆಲ್ ಎಂಜಿನ್ ಕೂರಿಸಿ ಓಡಿಸಿದರು. ನಮ್ಮ ಕೂಪೆಗೂ ಅದೇ ಗತಿಯಾಗಿತ್ತು. ಚಳ್ಳಕೆರೆಯ ಎಣ್ಣೆ ಗಿರಣಿಯೊಂದರ ಹಿತ್ತಲಲ್ಲಿ ಅದನ್ನು ಕಂಡಾಗ ಅದರ ಹೊಟ್ಟೆಯಲ್ಲಿದ್ದದ್ದು ಕೆಟ್ಟು ನಿಂತ ಮೆಟಡೋರ್ ಎಂಜಿನ್. ಡಿಕ್ಕಿಯಲ್ಲಿ ಕೋಳಿ ಮೊಟ್ಟೆಯಿಟ್ಟಿತ್ತು.

ಇಲ್ಲೊಂದು ಮಾತನ್ನು ಸೇರಿಸಬೇಕೆನಿಸುತ್ತದೆ. 1930ರ ದಶಕದಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಯೂರೋಪು, ಅಮೆರಿಕಗಳನ್ನು ಸುತ್ತಿ ಬಂದು ಭಾರತದಲ್ಲಿ ಮೋಟಾರು ಕಾರ್ಖಾನೆಯ ಯೋಜನೆಯನ್ನು ಸಿದ್ಧಪಡಿಸಿದ್ದರು. ಆಗಿನ ಆಳರಸರ ಬೆಂಬಲ ದೊರೆಯದೆ ಅದು ಕೈಗೂಡಲಿಲ್ಲ. ಅದರಲ್ಲಿ ಆಸಕ್ತರಾಗಿದ್ದ ವಾಲ್‌ಚಂದ್ ಹೀರಾಚಂದರು 1940ರಲ್ಲಿ ಮೈಸೂರು ಸರ್ಕಾರದೊಡನೆ ಸೇರಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆಯನ್ನೇ ಆರಂಭಿಸಿದರು. ಕಾರಿಗೆ ಸಿಗದ ಅವಕಾಶ ಯುದ್ಧದ ದೆಸೆಯಿಂದ ವಿಮಾನಕ್ಕೆ ಸಿಕ್ಕಿತು. ಅಂದು ಕಾರ್ಖಾನೆ ಆಗಿದ್ದರೆ ಚಳ್ಳಕೆರೆಯ ಗಿರಣಿ ಮಾಲೀಕರು ಕೆನಡಾದ ಫೋರ್ಡ್ ಕೊಳ್ಳಬೇಕಾಗಿರಲಿಲ್ಲವೇನೋ.

ನನ್ನ ತಪ್ಪು

1999ರಿಂದ 2003ರವರೆಗಿನ ಖಾತೆಯಲ್ಲಿ ತುಕ್ಕು ತೆಗೆದ ಕೂಲಿ, ಟಿಂಕರಿಂಗ್, ತಗಡು, ಗ್ಯಾಸು ಇವೇ ಕಾಣುತ್ತವೆ. 2004ರಲ್ಲಿ ದೊಡ್ಡ ಮೊತ್ತವೊಂದು ಬರುತ್ತದೆ: ಬೆಂಗಳೂರಿನ ಗುಜರಿಯಿಂದ ಜಪಾನಿ ಎಂಜಿನ್ ಹಾಗೂ ಗೇರ್ ಬಾಕ್ಸ್, ರೂ. 1,10,000. ಅದನ್ನು ಕೂರಿಸಲು ಚಾಸಿಯ ಮುಂಭಾಗವನ್ನು ಕತ್ತರಿಸಿ ಅಗಲಿಸಬೇಕಿತ್ತು. ಛಾವಣಿಯನ್ನೂ ಮೂರು ಅಂಗುಲ ತಗ್ಗಿಸುವ ಯೋಜನೆಯಿತ್ತು. ಟಿಂಕರಿಂಗ್ ಮೇಸ್ತ್ರಿ ಚಾಸಿಯ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದೂ ಆಗಿತ್ತು.

ಆಗ ಯಜಮಾನರು ನನ್ನನ್ನು ಕೇಳಿದರು: “ಆಡಿಟರೇ, ಇದಕ್ಕೆ ಕಾನೂನಿನ ತೊಡಕು ಏನಾರ ಐತಾ?” ನಾನು ಯೋಚಿಸದೆ ಉತ್ತರಿಸಿದೆ: “ಕೆಲಸ ಮುಗಿದ ಮೇಲೆ ಸಾರಿಗೆ ಕಚೇರಿಗೆ ಒಂದು ಅರ್ಜಿ ಕೊಟ್ಟು ಪುಸ್ತಕದಲ್ಲಿ ನಮೂದಿಸಿಕೊಂಡರೆ ಆಯಿತು ಯಜಮಾನರೇ.” ಹಿಂದಿನವರು ಮೆಟಡೋರ್ ಎಂಜಿನ್ನಿಗೆ ಹಾಗೆಯೇ ಮಾಡಿದ್ದರು ಎಂಬುದು ನನ್ನ ಆಧಾರವಾಗಿತ್ತು. ಮೋಟಾರು ವಾಹನಗಳ ಕಾಯಿದೆ 1988ರ 52ನೆಯ ಪ್ರಕರಣವನ್ನು ತೆರೆದು ನೋಡುವ ಶ್ರಮವನ್ನು ನಾನು ತೆಗೆದುಕೊಳ್ಳಲಿಲ್ಲ. ಆ ಪ್ರಕರಣಕ್ಕೆ 2000ನೆಯ ಇಸವಿಯಲ್ಲಿಯೇ ತಿದ್ದುಪಡಿಯಾಗಿ, ತಯಾರಕನು ಮೂಲತಃ ನಿರ್ದಿಷ್ಟಪಡಿಸಿದ ವಿವರಗಳಿಗೆ ವ್ಯತ್ಯಾಸವಾಗುವಂತೆ ಮಾಲೀಕನು ವಾಹನವನ್ನು ಬದಲಿಸಕೂಡದೆಂಬ ನಿರ್ಬಂಧ ಬಂದಾಗಿತ್ತು. ಲೆಕ್ಕಪರಿಶೋಧಕನಿಗೆ ಮೋಟಾರು ಕಾಯಿದೆ ತನ್ನ ವಿಷಯವಲ್ಲ ಎನಿಸಬಹುದು. ಹಾಗಿದ್ದರೆ ಉತ್ತರ ಹೇಳಬಾರದಿತ್ತು.

ಕಾರನ್ನು ಉಳಿಸಿದ್ದು ನನ್ನ ಸಲಹೆಯಲ್ಲ, ವಿಳಂಬ. ಬರಗಾಲದ ವರ್ಷಗಳಲ್ಲಿ ರೈತರ ಬಾಕಿ ವಸೂಲಾಗದೆ ಅಂಗಡಿಯ ಕೈ ಕಟ್ಟಿತು. ಆಮೇಲೆ ಮಗಳ ಮದುವೆ. ಆಮೇಲೆ ಗೆರೆ ಎಳೆದ ಮೇಸ್ತ್ರಿ ತೀರಿಕೊಂಡರು, ಅವರಷ್ಟು ನಂಬಿಕೆಯ ಕೈ ಬೇರೆ ಸಿಗಲಿಲ್ಲ. ಖಾತೆಯಲ್ಲಿ 2008ರಿಂದ 2012ರವರೆಗೆ ಇಲಿ ಪಾಷಾಣ ಮತ್ತು ಹೊಸ ತಾಡಪಾಲಿನ ಹೊರತು ಬೇರೆ ನಮೂದೇ ಇಲ್ಲ. ಆ ಬಳಿಕ ಬ್ರೇಕು, ಸೀಟು, ಬೆಳಕಿನ ಸಾಮಗ್ರಿ ಎಂದು ಅಲ್ಪಸ್ವಲ್ಪ ಖರೀದಿ ನಡೆಯಿತು. ಎಲ್ಲವೂ ಹಾಟ್ ರಾಡ್‌ಗೆ ಹೊಂದುವಂಥದೇ.

2019ರ ಜನವರಿ 9ರಂದು ಕೇರಳದಿಂದ ಬಂದ ಮೇಲ್ಮನವಿಯೊಂದರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪು ನೀಡಿತು. ತಯಾರಕನ ಮೂಲ ನಿರ್ದೇಶಕ್ಕೆ ವಿರುದ್ಧವಾಗಿ ವಾಹನದ ರಚನೆಯನ್ನು ಬದಲಿಸಲು ಅವಕಾಶವಿಲ್ಲ, ರಾಜ್ಯದ ನಿಯಮಗಳು ಅನುಮತಿಸಿದಂತೆ ಕಂಡರೂ ಕಾಯಿದೆಯ ಪ್ರಕರಣವೇ ಮೇಲು, ಎಂಬುದು ಅದರ ಸಾರ. ಅದೇ ವರ್ಷದ ತಿದ್ದುಪಡಿ ಕಾಯಿದೆಯಿಂದ 182ಎ ಪ್ರಕರಣ ಸೇರ್ಪಡೆಯಾಗಿ, ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸೆರೆವಾಸ ಅಥವಾ ಎರಡೂ ಎಂದು ನಿಗದಿಯಾಯಿತು. ತೀರ್ಪಿನ ಸುದ್ದಿ ಓದಿದ ವಾರದಲ್ಲಿಯೇ ನಾನು ಸಿರಿಗೆರೆಗೆ ಹೋದೆ. ಹದಿನೈದು ವರ್ಷ ಹಿಂದೆ ಹೇಳಿದ್ದು ತಪ್ಪೆಂದು ಒಪ್ಪಿಕೊಂಡೆ. ಯಜಮಾನರು ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ, “ಮೇಸ್ತ್ರಿ ಬದುಕಿದ್ದಿದ್ರೆ ಗಾಡಿ ಎರಡು ತುಂಡಾಗಿರೋದು ಆಡಿಟರೇ” ಎಂದಷ್ಟೇ ಹೇಳಿದರು.

ಅಂದು ನಾವಿಬ್ಬರೂ ಕೊಟ್ಟಿಗೆಯಲ್ಲಿ ಟಾರ್ಚು ಹಿಡಿದು ಒಂದು ವಿಷಯವನ್ನು ಕಂಡುಕೊಂಡೆವು. ಆ ಕಾಲದ ಫೋರ್ಡ್ ವಿ8 ಗಾಡಿಗಳಲ್ಲಿ ಕ್ರಮಸಂಖ್ಯೆಯನ್ನು ಎಂಜಿನ್ ಬ್ಲಾಕಿನ ಮೇಲೆ ಕೆತ್ತುತ್ತಿರಲಿಲ್ಲ, ಗೇರ್ ಬಾಕ್ಸಿನ ಕವಚದ ಮೇಲೆ ಮತ್ತು ಚಾಸಿಯ ಮೇಲೆ ಕೆತ್ತುತ್ತಿದ್ದರು. ಮೂಲ ಗೇರ್ ಬಾಕ್ಸ್ ಎಂದೋ ಗುಜರಿ ಸೇರಿತ್ತು. ಉಳಿದದ್ದು ಚಾಸಿಯೊಂದೇ. ಬಣ್ಣ ಕೆರೆದಾಗ ಅಂಕಿಗಳು ಕಂಡವು, ಹಳೆಯ ನೋಂದಣಿ ಪುಸ್ತಕದ ಸಂಖ್ಯೆಗೆ ತಾಳೆಯಾದವು. ಮೇಸ್ತ್ರಿಯ ಸೀಮೆಸುಣ್ಣದ ಗೆರೆ ಅವುಗಳಿಂದ ಒಂದು ಗೇಣು ದೂರದಲ್ಲಿತ್ತು. ಕತ್ತರಿಸಿ ಬೆಸುಗೆ ಹಾಕಿದ ಚಾಸಿಯ ಮೇಲಿನ ಸಂಖ್ಯೆಯನ್ನು ಯಾವ ಅಧಿಕಾರಿ ನಂಬುತ್ತಿದ್ದರು? ಗಾಡಿಯ ಗುರುತೇ ಸಂದೇಹಕ್ಕೆ ಒಳಗಾಗುತ್ತಿತ್ತು.

ಹರಿಹರದ ಕೈಗಳು

ಹಾಟ್ ರಾಡ್‌ನ ಸಂಕಲ್ಪ ಅಲ್ಲಿಗೆ ಮುಗಿಯಿತು. 2019ರವರೆಗೆ ಆ ಉದ್ದೇಶಕ್ಕೆ ಆದ ವೆಚ್ಚ ರೂ. 3,12,000. ಜಪಾನಿ ಎಂಜಿನ್ ಮುಂತಾದವನ್ನು ಮಾರಿದ್ದರಿಂದ ಬಂದದ್ದು ರೂ. 74,000. ಉಳಿದದ್ದನ್ನು ನಾನು ‘ಕೈಬಿಟ್ಟ ಯೋಜನೆ’ ಎಂದು ಪ್ರತ್ಯೇಕವಾಗಿ ಬರೆಸಿದೆ. ಯಜಮಾನರು ಆ ಸಾಲಿನ ಪಕ್ಕದಲ್ಲಿ ‘ಆಡಿಟರ ಸಲಹೆ’ ಎಂದು ಸಣ್ಣ ಅಕ್ಷರದಲ್ಲಿ ಬರೆದಿದ್ದಾರೆ. ಅದನ್ನು ಹೊಡೆದು ಹಾಕಬೇಕೆಂದು ನಾನು ಕೇಳಿಲ್ಲ.

ಇನ್ನು ಬೇಕಾದದ್ದು ಆ ಕಾಲದ ಫೋರ್ಡ್ ಎಂಜಿನ್. ಮಹಾಯುದ್ಧದಲ್ಲಿ ಕೆನಡಾದಿಂದ ಬಂದ ಸೇನಾ ಲಾರಿಗಳಲ್ಲಿ ಇದೇ ವಂಶದ ವಿ8 ಎಂಜಿನ್ ಇತ್ತು. ಯುದ್ಧ ಮುಗಿದ ಮೇಲೆ ಅವು ವಿಲೇವಾರಿಯಾಗಿ ದೇಶದ ಮೂಲೆಮೂಲೆಗೆ ಹರಡಿದ್ದವು. ಎರಡು ವರ್ಷ ಹುಡುಕಿದ ಮೇಲೆ ಅಂಥದೊಂದು ಬ್ಲಾಕು ಸಿಕ್ಕಿತು. ಅದು 239 ಘನ ಅಂಗುಲದ್ದು, ತಲೆಗೆ ಸಾಲೊಂದಕ್ಕೆ 24 ಬೋಲ್ಟು. 1936ರ ಕೂಪೆಗೆ ಮೂಲದಲ್ಲಿ ಇದ್ದದ್ದು 221 ಘನ ಅಂಗುಲದ, 21 ಬೋಲ್ಟಿನ ಎಂಜಿನ್. ಹೊರಗಿನಿಂದ ನೋಡುವವರಿಗೆ ಒಂದೇ, ಬಲ್ಲವರಿಗೆ ಬೇರೆ. ಅದನ್ನು ಕೂರಿಸಿದರೆ ಗಾಡಿ ‘ಮೂಲರೂಪ’ ಎನಿಸಿಕೊಳ್ಳುವುದೇ ಎಂಬ ಪ್ರಶ್ನೆ ಅವರನ್ನು ಕಾಡಿತು. ಅದನ್ನು ಪಕ್ಕಕ್ಕಿಟ್ಟು ಮತ್ತೆ ಹುಡುಕಿದರು. 2022ರಲ್ಲಿ 21 ಬೋಲ್ಟಿನ ಬ್ಲಾಕು ದೊರೆಯಿತು. ಅದು ಬಿರುಕು ಬಿಟ್ಟಿತ್ತು.

ಈ ಎಂಜಿನ್ನಿನ ಜಾತಕದಲ್ಲೇ ಒಂದು ದೋಷವಿದೆ. ವಾಲ್ವ್‌ಗಳು ತಲೆಯಲ್ಲಿರದೆ ಬ್ಲಾಕಿನಲ್ಲಿಯೇ ಇರುತ್ತವೆ. ಉರಿದ ಹೊಗೆ ಬ್ಲಾಕಿನೊಳಗಿನ ದಾರಿಯಲ್ಲಿಯೇ, ತಂಪಿನ ನೀರಿನ ನಡುವೆ ಹಾದು ಹೊರಗೆ ಹೋಗಬೇಕು. ನೀರು ಕಾಯುತ್ತದೆ. ಬಿಸಿ ಹೆಚ್ಚಾದಾಗ ವಾಲ್ವಿನ ಆಸನಕ್ಕೂ ಸಿಲಿಂಡರಿಗೂ ನಡುವಿನ ತೆಳುವಾದ ಗೋಡೆ ಬಿರಿಯುತ್ತದೆ. ಎರಕದ ಕಬ್ಬಿಣಕ್ಕೆ ಸಾಮಾನ್ಯ ಬೆಸುಗೆ ಒಗ್ಗದು. ಬಿರುಕಿನ ಉದ್ದಕ್ಕೂ ರಂಧ್ರ ಕೊರೆದು, ಒಂದನ್ನೊಂದು ಕಚ್ಚುವಂತೆ ಮರೆಯುಳ್ಳ ಕೀಲುಗಳನ್ನು ತಿರುಪಿ ಹೊಲಿಯಬೇಕು. ಆಮೇಲೆ ಬೋರಿಂಗ್ ಮಾಡಿ ಒಳಗೆ ಹೊಸ ತೋಳು ಕೂರಿಸಬೇಕು.

ಈ ಕೆಲಸವನ್ನು ಬೆಂಗಳೂರಿನಲ್ಲಿಯೂ ಮಾಡಿಸಬಹುದಿತ್ತು. ಆದರೆ ಅದು ಆದದ್ದು ಹರಿಹರದಲ್ಲಿ. 1941ರಲ್ಲಿ ಅಲ್ಲಿ ಸ್ಥಾಪನೆಯಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ದಶಕಗಳ ಕಾಲ ದೇಶಕ್ಕೆಲ್ಲ ಲೇಥ್ ಯಂತ್ರಗಳನ್ನು ಕಳುಹಿಸಿತ್ತು. ಈ ಶತಮಾನದ ಆರಂಭದಲ್ಲಿ ಅದು ನಿಂತಿತು. ಅಲ್ಲಿ ಪಳಗಿದ ಕೈಗಳು ಮಾತ್ರ ಊರಿನಲ್ಲಿ ಉಳಿದವು. ಅಂಥ ಒಬ್ಬ ನಿವೃತ್ತ ಕುಶಲಕರ್ಮಿ, ಎಪ್ಪತ್ತು ದಾಟಿದವರು, ಮನೆಯ ಪಕ್ಕದ ಶೆಡ್ಡಿನಲ್ಲಿ ತಮ್ಮದೇ ಕಾರ್ಖಾನೆಯ ಹಳೆಯ ಲೇಥ್ ಇಟ್ಟುಕೊಂಡು ಈ ಬ್ಲಾಕಿಗೆ ಏಳು ತಿಂಗಳು ಕೈ ಹಚ್ಚಿದರು. ನೀರಿನ ಪಂಪಿನ ಬುಷ್, ವಾಲ್ವ್ ಗೈಡ್, ಬ್ರೇಕಿನ ಸರಳಿನ ಕೊಂಡಿಗಳು, ಎಲ್ಲವೂ ಅಲ್ಲಿಯೇ ಆದವು. ಎಂದ ಹಾಗೆ, ಈ ಮಾದರಿಯ ಬ್ರೇಕುಗಳು ಸಂಪೂರ್ಣ ಯಾಂತ್ರಿಕ; ಫೋರ್ಡ್ ಕಾರಿಗೆ ಎಣ್ಣೆಯ ಒತ್ತಡದ ಬ್ರೇಕು ಬಂದದ್ದು 1939ರ ಮಾದರಿಯಿಂದ. ಅಮೆರಿಕದ ಯುವಕರು ಮೊದಲು ಬದಲಿಸುತ್ತಿದ್ದದ್ದು ಇದನ್ನೇ. ಯಜಮಾನರು ಹಳೆಯದನ್ನೇ ಉಳಿಸಿಕೊಂಡಿದ್ದಾರೆ.

ಆ ಕುಶಲಕರ್ಮಿ ಕೊಟ್ಟ ಬಿಲ್ಲು ರೂ. 1,86,000. ಬಿಲ್ಲು ಬೇಕೆಂದು ಹಠ ಹಿಡಿದವನು ನಾನು. ಅವರಿಗೆ ಅದು ಅವಮಾನವೆನಿಸಿತು, ನಂಬಿಕೆಯ ಕೆಲಸಕ್ಕೆ ಚೀಟಿ ಏಕೆಂದು ಕೇಳಿದರು. ಕಾರಣವನ್ನು ಮುಂದೆ ಹೇಳುತ್ತೇನೆ. ಅವರ ಬಳಿ ಈ ಕೆಲಸ ಕಲಿಯುತ್ತಿರುವ ಹುಡುಗರಿದ್ದಾರೆಯೇ ಎಂದು ವಿಚಾರಿಸಿದೆ. ಒಬ್ಬ ಇದ್ದ, ಈಗ ಬೆಂಗಳೂರಿನಲ್ಲಿ ಊಟ ತಲುಪಿಸುವ ಕೆಲಸಕ್ಕೆ ಸೇರಿದ್ದಾನೆ.

ಹಳೆಯ ಗಾಡಿ, ಹೊಸ ನಿಯಮ

2021ರ ಜುಲೈನಲ್ಲಿ ಕೇಂದ್ರ ಸರ್ಕಾರ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ತಂದು ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನೋಂದಣಿ ಕಲ್ಪಿಸಿತು. ಮೊದಲ ನೋಂದಣಿಯಿಂದ 50 ವರ್ಷ ಮೀರಿರಬೇಕು, ಮೂಲರೂಪದಲ್ಲಿರಬೇಕು, ಚಾಸಿ, ಕವಚ ಅಥವಾ ಎಂಜಿನ್ನಿಗೆ ಗಣನೀಯ ಮಾರ್ಪಾಡು ಆಗಿರಬಾರದು. ಹೊಸ ನೋಂದಣಿಯ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ, ನವೀಕರಣಕ್ಕೆ 5,000 ರೂಪಾಯಿ. ಸಂಖ್ಯಾಫಲಕದಲ್ಲಿ ರಾಜ್ಯದ ಅಕ್ಷರಗಳ ನಂತರ ‘ವಿಎ’ ಎಂಬ ಗುರುತು ಬರುತ್ತದೆ. ಈಗಾಗಲೇ ನೋಂದಣಿಯಾದ ಗಾಡಿಗೆ ಹಳೆಯ ಸಂಖ್ಯೆಯನ್ನೇ ಉಳಿಸಿಕೊಳ್ಳಲು ಅವಕಾಶವಿದೆ. ನಮ್ಮ ಕೂಪೆಗೆ ಮೈಸೂರು ರಾಜ್ಯದ ಕಾಲದ, ‘ಎಂವೈ’ ಎಂದು ಆರಂಭವಾಗುವ ಸಂಖ್ಯೆಯಿದೆ. ಅದನ್ನು ಬಿಡಲು ಯಜಮಾನರು ಸುತರಾಂ ಸಿದ್ಧರಿಲ್ಲ. ಆದರೆ ಇಂಥ ಗಾಡಿಯನ್ನು ನಿತ್ಯದ ಓಡಾಟಕ್ಕಾಗಲಿ ಬಾಡಿಗೆಗಾಗಲಿ ಬಳಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಸಂಶೋಧನೆ, ದುರಸ್ತಿ, ಇಂಧನ ತುಂಬಿಸುವುದು ಇಷ್ಟಕ್ಕೆ ಮಾತ್ರ ರಸ್ತೆಗೆ ಇಳಿಯಬಹುದು.

ಇಲ್ಲಿಂದ ನನ್ನ ಕ್ಷೇತ್ರ ಆರಂಭವಾಗುತ್ತದೆ. ಮೊದಲ ವರ್ಷ ಅಂಗಡಿಯ ಗುಮಾಸ್ತರು ಕೂಪೆಯ ವೆಚ್ಚವನ್ನು ‘ವಾಹನ ದುರಸ್ತಿ’ ಎಂದು ವ್ಯಾಪಾರದ ಖರ್ಚಿಗೆ ಹಾಕಿದ್ದರು. ನಾನು ಅದನ್ನು ತೆಗೆದು ಯಜಮಾನರ ಸ್ವಂತ ಖಾತೆಗೆ ವರ್ಗಾಯಿಸಿದೆ. ಹವ್ಯಾಸದ ವೆಚ್ಚವನ್ನು ವ್ಯಾಪಾರದ ತಲೆಗೆ ಕಟ್ಟಿದರೆ ಕರನಿರ್ಧಾರಣೆಯಲ್ಲಿ ಅದು ತಿರಸ್ಕೃತವಾಗುತ್ತದೆ. ಅಷ್ಟೇ ಅಲ್ಲ, ಮುಂದೆ ಮಾರುವಾಗ ಅದು ಸ್ವಂತ ವಸ್ತುವೆಂದು ವಾದಿಸುವ ಬಾಗಿಲೂ ಮುಚ್ಚುತ್ತದೆ. ಅಂಗಡಿಯ ಆಸ್ತಿಯಾಗಿ ತೋರಿಸಿ ಮಾರಿದರೆ ಜಿಎಸ್‌ಟಿಯ ಪ್ರಶ್ನೆಯೂ ಏಳುತ್ತದೆ. 2025ರ ಜನವರಿಯಿಂದ ನೋಂದಾಯಿತ ವ್ಯಾಪಾರಿಗಳು ಮಾರುವ ಹಳೆಯ ವಾಹನಗಳ ಲಾಭಾಂಶದ ಮೇಲೆ ಶೇ. 18ರ ದರ ನಿಗದಿಯಾಗಿದೆ.

ಆದಾಯ ತೆರಿಗೆ ಕಾಯಿದೆಯ ಪ್ರಕಾರ ಸ್ವಂತ ಬಳಕೆಗೆ ಇಟ್ಟುಕೊಂಡ ಚರವಸ್ತು ಬಂಡವಾಳ ಆಸ್ತಿಯಲ್ಲ. ಒಡವೆ, ಚಿತ್ರ, ಶಿಲ್ಪ, ಕಲಾಕೃತಿ ಮುಂತಾದವು ಇದಕ್ಕೆ ಅಪವಾದ, ಕಾರು ಆ ಪಟ್ಟಿಯಲ್ಲಿಲ್ಲ. ಆದ್ದರಿಂದ ಹಳೆಯ ಕಾರು ಮಾರಿದ ಲಾಭಕ್ಕೆ ತೆರಿಗೆಯೇ ಇಲ್ಲವೆಂದು ಬಹಳ ಮಂದಿ ನಂಬಿದ್ದಾರೆ. ಮುಂಬಯಿಯ ತೆರಿಗೆದಾರರೊಬ್ಬರು ಹಾಗೆಯೇ ನಂಬಿದ್ದರು. ಅವರು 1983ರಲ್ಲಿ 20,000 ರೂಪಾಯಿಗೆ ಕೊಂಡ 1931ರ ಫೋರ್ಡ್ ಟೂರರ್ ಗಾಡಿಯನ್ನು 21 ಲಕ್ಷಕ್ಕೆ ಮಾರಿದರು. ವಿಷಯ 1992-93ರ ಕರನಿರ್ಧಾರಣ ವರ್ಷದ್ದು. ಬೊಂಬಾಯಿ ಉಚ್ಚ ನ್ಯಾಯಾಲಯದ ತೀರ್ಪು ಬಂದದ್ದು 2025ರಲ್ಲಿ, ಮೂರು ದಶಕಗಳ ಬಳಿಕ. ಕಾರು ಸ್ವಂತ ಬಳಕೆಗೆ ಒದಗಬಲ್ಲದು ಎಂದರೆ ಸಾಲದು, ನಿಜವಾಗಿ ಬಳಸಿದ್ದಕ್ಕೆ ಸಾಕ್ಷ್ಯ ಬೇಕು ಎಂದು ನ್ಯಾಯಾಲಯ ಹೇಳಿತು. ಗಾಡಿಯನ್ನು ಬೇರೆಡೆ ನಿಲ್ಲಿಸಿದ್ದು, ನಿರ್ವಹಣೆಯ ವೆಚ್ಚ ತೋರಿಸದಿದ್ದದ್ದು ಅವರಿಗೆ ಪ್ರತಿಕೂಲವಾಯಿತು. ಲಾಭ ತೆರಿಗೆಗೆ ಒಳಪಟ್ಟಿತು.

ಈ ತೀರ್ಪನ್ನು 2021ರ ನಿಯಮದ ಪಕ್ಕದಲ್ಲಿಟ್ಟು ಓದಿದಾಗ ನನಗೆ ಕಾಣುವ ಇಕ್ಕಟ್ಟು ಇದು. ಒಂದು ಕಾನೂನು ನಿತ್ಯ ಓಡಿಸಬೇಡ ಎನ್ನುತ್ತದೆ. ಇನ್ನೊಂದು ಓಡಿಸಿದ್ದಕ್ಕೆ ಪುರಾವೆ ಕೊಡು ಎನ್ನುತ್ತದೆ. ಇಪ್ಪತ್ತಾರು ವರ್ಷ ಕೊಟ್ಟಿಗೆಯಲ್ಲಿ ಬಿಚ್ಚಿಟ್ಟ ಗಾಡಿಯನ್ನು ಸ್ವಂತ ಬಳಕೆಯ ವಸ್ತು ಎಂದು ಹೇಗೆ ಸಾಧಿಸುವುದು? ನನ್ನ ಮಟ್ಟಿಗೆ ಸುರಕ್ಷಿತವಾದ ದಾರಿ, ಅದು ಬಂಡವಾಳ ಆಸ್ತಿ ಎಂದೇ ತೀರ್ಮಾನವಾದರೂ ನಷ್ಟವಾಗದಂತೆ ಸಿದ್ಧವಿರುವುದು. ಆಗ ಕೊಂಡ ಬೆಲೆಯೊಡನೆ ಅಭಿವೃದ್ಧಿಯ ವೆಚ್ಚವನ್ನೂ ಕಳೆಯಬಹುದು, ಆದರೆ ಬಿಲ್ಲು ಇದ್ದರೆ ಮಾತ್ರ. 2024ರ ಜುಲೈ 23ರ ನಂತರ ದೀರ್ಘಾವಧಿ ಲಾಭಕ್ಕೆ ಶೇ. 12.5ರ ದರ ಬಂದಿದೆ, ಬೆಲೆಯೇರಿಕೆಯ ಸೂಚ್ಯಂಕದ ಸೌಲಭ್ಯ ಹೋಗಿದೆ. 1999ರ 35,000 ರೂಪಾಯಿ ಇಂದಿಗೂ 35,000 ರೂಪಾಯಿಯೇ. ಹರಿಹರದ ಹಿರಿಯರಿಂದ ಬಿಲ್ಲು ಕೇಳಿ ಪಡೆದದ್ದು ಈ ಕಾರಣಕ್ಕೆ.

ಇದು ಬರಿಯ ಶಾಸ್ತ್ರಚರ್ಚೆಯಲ್ಲ. ಕಳೆದ ವರ್ಷ ಬೆಂಗಳೂರಿನ ಸಂಗ್ರಾಹಕರೊಬ್ಬರು ಬಂದು ಕೂಪೆಯನ್ನು ನೋಡಿ ಹೋಗಿದ್ದಾರೆ. ಶ್ರೀರಂಗಪಟ್ಟಣದ ಬಳಿ 2023ರಲ್ಲಿ ಧರ್ಮಸ್ಥಳದ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಸಂಗ್ರಹದ ‘ಪಯಣ’ ಕಾರು ಸಂಗ್ರಹಾಲಯ ತೆರೆದ ಮೇಲೆ ನಮ್ಮ ಕಡೆಯ ಜನರಿಗೂ ಹಳೆಯ ಗಾಡಿಗೆ ಬೆಲೆಯಿದೆ ಎಂಬ ಅರಿವು ಮೂಡಿದೆ. ಯಜಮಾನರ ಮಗ ಅಲ್ಲಿಗೆ ಹೋಗಿ ಬಂದವನು ತಂದೆಯ ಕೊಟ್ಟಿಗೆಯನ್ನು ಬೇರೆ ಕಣ್ಣಿನಿಂದ ನೋಡತೊಡಗಿದ್ದಾನೆ. ಮಾರಬೇಕೆಂಬುದು ಅವನ ಅಭಿಪ್ರಾಯ. ಸಂಗ್ರಾಹಕರು ಹೇಳಿದ ಮೊತ್ತ ಖಾತೆಯ ಒಟ್ಟು ವೆಚ್ಚಕ್ಕಿಂತ ಹೆಚ್ಚು. ಆದರೆ ನೋಂದಣಿ ಪತ್ರ ಕೈಗೆ ಬಂದ ಮೇಲೆ ಎಂಬ ಷರತ್ತು ಹಾಕಿದ್ದಾರೆ. ಗಿರಣಿ ಮಾಲೀಕರ ವಾರಸುದಾರರ ಒಪ್ಪಿಗೆ ಪತ್ರಗಳನ್ನು ಸಂಗ್ರಹಿಸಿದ್ದೇವೆ, ಒಬ್ಬರ ಸಹಿ ಹೂಸ್ಟನ್ನಿನಿಂದ ಬರಬೇಕಿದೆ. ಅರ್ಜಿ ಸಿದ್ಧವಾಗಿದೆ.

ಈ ವರ್ಷದ ಮಾರ್ಚ್ ಅಂತ್ಯಕ್ಕೆ ಖಾತೆಯ ಒಟ್ಟು ಮೊತ್ತ ರೂ. 16,48,210. ಸಂಗ್ರಾಹಕರಿಗೆ ಏನು ಉತ್ತರ ಕೊಟ್ಟಿರಿ ಎಂದು ಕೇಳಿದ್ದಕ್ಕೆ ಯಜಮಾನರು, “ಸಹಿ ಬರಲಿ ತಡೀರಿ” ಎಂದರು. ಸಹಿ ಬಂದ ಮೇಲೆ ಏನೆಂದು ಹೇಳಲಿಲ್ಲ. ಕಳೆದ ತಿಂಗಳು ನಾನು ಹೋದಾಗ ಎಂಜಿನ್ ಚಾಸಿಯ ಮೇಲೆ ಕೂತಿತ್ತು, ಆರು ವೋಲ್ಟಿನ ಬ್ಯಾಟರಿಗೆ ತಂತಿ ಎಳೆಯುತ್ತಿದ್ದರು. ಮೂರನೆಯ ಸಲಕ್ಕೆ ಅದು ಹತ್ತಿಕೊಂಡಿತು. ನಾಲ್ಕು ನಿಮಿಷ ಓಡಿತು, ನೀರು ಕಾಯಿತು, ನಿಲ್ಲಿಸಿದರು. ಕೆಂಪು ಪುಸ್ತಕದಲ್ಲಿ ಅಂದಿನ ನಮೂದು: ರೇಡಿಯೇಟರ್ ತೊಳೆದದ್ದು, ರೂ. 600, ಪೆಟ್ರೋಲ್ ಐದು ಲೀಟರ್, ಆಡಿಟರಿಗೆ ಚಹಾ, ರೂ. 10.